ಮಡಿಲೇ ಮೊದಲ ಪಾಠಶಾಲೆ: ಚಿತ್ರಪುಸ್ತಕ, ಕ್ರೈಸ್ತ ಶಿಶುಶಿಕ್ಷಣ ಮತ್ತು ನಮ್ಮ ಗಡಿನಾಡಿನ ಮನೆಗಳು

ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಶಾಲೆಯ ಬಾಗಿಲು ತೆರೆದಾಗ, ಒಂದನೆಯ ತರಗತಿಗೆ ಸೇರಲು ಬಂದ ಮಗುವನ್ನು ನಾನು ಅಕ್ಷರ ಕೇಳುವುದಿಲ್ಲ. ನನ್ನ ಮೇಜಿನ ಮೇಲೆ ಅಂಚು ಸವೆದ ಒಂದು ಚಿತ್ರಪುಸ್ತಕವಿದೆ. ಅದನ್ನು ಮಗುವಿನ ಮುಂದೆ ತೆರೆದಿಟ್ಟು ಸುಮ್ಮನೆ ಕುಳಿತಿರುತ್ತೇನೆ. ಕುರಿಯ ಚಿತ್ರ ಬಂದಾಗ ಒಂದು ಮಗು ‘ಕುರಿ’ ಎನ್ನುತ್ತದೆ, ಮತ್ತೊಂದು ‘ಮೆಂಢಿ’ ಎನ್ನುತ್ತದೆ, ಇನ್ನೊಂದು ‘ಶೀಪ್’ ಎನ್ನುತ್ತದೆ. ಮೂರೂ ಸರಿಯಾದ ಉತ್ತರಗಳೇ. ಆದರೆ ಮೊದಲನೆಯ ಉತ್ತರ ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿರುವುದನ್ನು ಈ ಮೇಜಿನ ಹಿಂದೆ ಕುಳಿತು ಕಂಡವಳು ನಾನು. ಶಾಲೆಯು ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ಶಾಲೆಯ ಇತಿಹಾಸವನ್ನು ಬರೆಯಲು ಸಂಪಾದಕ ಮಂಡಳಿಯವರು ಹೇಳಿದಾಗ, ಶಾಲೆಗೂ ಮೊದಲಿನ ಶಾಲೆಯ ಇತಿಹಾಸವನ್ನೇ ಬರೆಯಬೇಕೆಂದು ನನಗೆ ಅನ್ನಿಸಿತು. ಆ ಶಾಲೆ ತಾಯಿಯ ಮಡಿಲು. ಅದರ ಪಠ್ಯ ಒಂದು ಚಿತ್ರ ಮತ್ತು ಅದರ ಸುತ್ತ ಆಡುವ ಮಾತು.

ಚಿತ್ರಪುಸ್ತಕವನ್ನು ಮುಂದಿಟ್ಟುಕೊಂಡು ಮನೆಯಲ್ಲೇ ಎಳೆಯ ಮಕ್ಕಳಿಗೆ ಕಲಿಸುವ ಕ್ರಮವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಕ್ರೈಸ್ತ ಶಿಕ್ಷಣವೇತ್ತರ ಪಾತ್ರ ದೊಡ್ಡದು. ಅವರ ಉದ್ದೇಶದಲ್ಲಿ ಧರ್ಮಬೋಧೆಯೂ ಇತ್ತು; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಉದ್ದೇಶಕ್ಕಾಗಿ ಅವರು ಕಂಡುಕೊಂಡ ದಾರಿ ಎಲ್ಲ ಮತದ ಮನೆಗಳಿಗೂ ಉಪಯೋಗವಾಗುವಂಥದು. ಅದು ಯೂರೋಪಿನಿಂದ ಮಂಗಳೂರಿಗೆ, ಅಲ್ಲಿಂದ ಕನ್ನಡ ನಾಡಿನ ಒಳಕ್ಕೆ, ಪುಣೆಯಿಂದ ಕಲಬುರಗಿಗೆ ಹೇಗೆ ಬಂತೆಂಬುದನ್ನು ತಿಳಿದರೆ ನಮ್ಮ ಇಂದಿನ ಕಷ್ಟಕ್ಕೂ ಒಂದಿಷ್ಟು ಬೆಳಕು ದೊರೆಯುತ್ತದೆ.

ನಮ್ಮ ನೆಲ, ನಮ್ಮ ನುಡಿ

ಮಾಕಣಿ, ಉಮರ್ಗಾ, ನಿಲಂಗಾ, ಉದಗೀರ: ಈ ಹೆಸರುಗಳು ಇಂದು ಮಹಾರಾಷ್ಟ್ರದ ಭೂಪಟದಲ್ಲಿವೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದಾಗ ನಮ್ಮ ಊರುಗಳು ಆ ಎಲ್ಲೆಯ ಒಳಗೇ ಇದ್ದವು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರು ಪುರದ ಒಡೆಯರೆಂದು ಕರೆದುಕೊಂಡರು; ಆ ಲಟ್ಟಲೂರೇ ಇಂದಿನ ಲಾತೂರು ಎಂಬುದು ವಿದ್ವಾಂಸರ ಅಭಿಪ್ರಾಯ. ಚಾಲುಕ್ಯರ ರಾಜಧಾನಿಯೂ ಶರಣರ ಕರ್ಮಭೂಮಿಯೂ ಆದ ಬಸವಕಲ್ಯಾಣ ಉಮರ್ಗಾದಿಂದ ದೂರವಿಲ್ಲ.

ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು ಆಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ಆರಂಭವಾಯಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ವಿಮೋಚನೆಗೊಂಡಿತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ, ಅಹಮದಪುರಗಳು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯವಾಯಿತು; 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. ಉಸ್ಮಾನಾಬಾದ್ ಜಿಲ್ಲೆಯ ಹೆಸರು ಈಗ ಧಾರಾಶಿವ. ಹೀಗೆ ಉರ್ದು, ಮರಾಠಿ, ಈಗ ಇಂಗ್ಲಿಷ್ ಒಂದರ ಹಿಂದೊಂದು ಕಚೇರಿಯ ಮತ್ತು ಅಂಗಡಿಯ ಭಾಷೆಗಳಾಗಿ ಬಂದರೂ, ಒಲೆಯ ಮುಂದೆ ರೊಟ್ಟಿ ತಟ್ಟುತ್ತ ತಾಯಂದಿರು ಆಡುವ ಭಾಷೆ ಹಲವು ಮನೆಗಳಲ್ಲಿ ಕನ್ನಡವಾಗಿಯೇ ಉಳಿಯಿತು. ಈ ನೆಲದಲ್ಲಿ ಕನ್ನಡವನ್ನು ಉಳಿಸಿದ ಮೊದಲ ಸಂಸ್ಥೆ ಮನೆ. ಶಾಲೆ ಆಮೇಲೆ ಬಂತು.

ದೇಶ ಕಳೆದುಕೊಂಡ ಒಬ್ಬ ಗುರು

ಮನೆಯೇ ಮೊದಲ ಶಾಲೆ ಎಂಬ ಮಾತನ್ನು ಮೊದಲು ಕ್ರಮಬದ್ಧವಾಗಿ ಬರೆದವನು ಕೂಡ ತನ್ನ ನಾಡನ್ನು ಕಳೆದುಕೊಂಡವನೇ. ಅವನ ಹೆಸರು ಯಾನ್ ಆಮೋಸ್ ಕೊಮೀನಿಯಸ್. 1592ರಲ್ಲಿ ಮೊರಾವಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ, ಹುಟ್ಟಿದ ಅವನು ಮೊರಾವಿಯನ್ ಸಹೋದರರ ಸಭೆಯ ಪಾದ್ರಿಯಾಗಿದ್ದನು. ಮುಂದೆ ಅದರ ಬಿಷಪ್ ಆದನು. ಪ್ಲೇಗಿನಲ್ಲಿ ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡನು. 1620ರ ಯುದ್ಧದ ಸೋಲಿನ ನಂತರ ಅವನ ಸಭೆಯವರಿಗೆ ತಾಯ್ನಾಡಿನಲ್ಲಿ ಜಾಗವಿಲ್ಲದಂತಾಯಿತು. 1628ರಲ್ಲಿ ಅವನು ಪೋಲೆಂಡಿನ ಲೆಶ್ನೋ ಎಂಬ ಊರಿಗೆ ವಲಸೆ ಹೋದನು. ಚದುರಿಹೋದ ಆ ಜನಕ್ಕೆ ತಮ್ಮ ಭಾಷೆಯ ಶಾಲೆಗಳಿರಲಿಲ್ಲ. ಆಗ ಅವನು ತಾಯಂದಿರಿಗಾಗಿ ಒಂದು ಪುಸ್ತಕ ಬರೆದನು. ಹುಟ್ಟಿನಿಂದ ಆರು ವರ್ಷದವರೆಗೆ ಮಗುವಿಗೆ ಮನೆಯಲ್ಲಿ ಏನನ್ನು, ಹೇಗೆ ಕಲಿಸಬೇಕೆಂದು ಹೇಳುವ ಆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ‘ತಾಯಮಡಿಲ ಶಾಲೆ’ ಎನ್ನಬಹುದು. ಅದರ ಜರ್ಮನ್ ಆವೃತ್ತಿ 1633ರಲ್ಲಿ ಪ್ರಕಟವಾಯಿತು.

ಅವನ ಇನ್ನೊಂದು ಪುಸ್ತಕ 1658ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾಯಿತು. ‘ಓರ್ಬಿಸ್ ಪಿಕ್ಟಸ್’, ಅಂದರೆ ಚಿತ್ರದಲ್ಲಿ ಜಗತ್ತು, ಎಂಬ ಹೆಸರಿನಿಂದ ಪ್ರಸಿದ್ಧವಾದ ಇದು ಮಕ್ಕಳಿಗಾಗಿಯೇ ಸಿದ್ಧವಾದ ಸಚಿತ್ರ ಪಠ್ಯಗಳಲ್ಲಿ ಮೊದಲಿನವುಗಳ ಸಾಲಿನಲ್ಲಿದೆ. ಪ್ರತಿ ಪಾಠಕ್ಕೂ ಮರದ ಅಚ್ಚಿನ ಒಂದು ಚಿತ್ರ. ಚಿತ್ರದ ಭಾಗಗಳಿಗೆ ಅಂಕಿ. ಅದೇ ಅಂಕಿಯನ್ನು ಹಿಡಿದು ಎರಡು ಭಾಷೆಗಳಲ್ಲಿ, ಲ್ಯಾಟಿನ್ ಮತ್ತು ಜರ್ಮನ್‌ನಲ್ಲಿ, ವಿವರಣೆ. ಅಕ್ಷರಮಾಲೆಯನ್ನು ಅವನು ಪ್ರಾಣಿಗಳ ಕೂಗಿನಿಂದ ಕಲಿಸಿದನು. ಕಾಗೆಯ ಕೂಗಿಗೆ ಒಂದು ಅಕ್ಷರ, ಕುರಿಮರಿಯ ಕೂಗಿಗೆ ಇನ್ನೊಂದು. ಮಗು ಮೊದಲು ಪ್ರಾಣಿಯನ್ನು ನೋಡುತ್ತದೆ, ಅದರಂತೆ ಕೂಗುತ್ತದೆ, ಆಮೇಲೆ ಆ ಧ್ವನಿಯ ಗುರುತಾಗಿ ಅಕ್ಷರವನ್ನು ಕಾಣುತ್ತದೆ. ನೋಟ, ನುಡಿ, ಬರಹ ಎಂಬ ಈ ಅನುಕ್ರಮವನ್ನು ಇಂದಿಗೂ ಶಿಶುಶಿಕ್ಷಣದ ಯಾವ ಪದ್ಧತಿಯೂ ಬಿಟ್ಟುಕೊಟ್ಟಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಈ ಪುಸ್ತಕದ ಮತ್ತೊಂದು ಪಾಠವೂ ಇದೆ: ಚಿತ್ರ ಒಂದೇ, ಹೆಸರು ಎರಡು, ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲ.

ತಾಯಂದಿರಿಗೊಂದು ಆಟದ ಪುಸ್ತಕ

ಕೊಮೀನಿಯಸ್ಸನ ನಂತರ ಸುಮಾರು ಎರಡು ಶತಮಾನಗಳಿಗೆ ಫ್ರೆಡ್ರಿಕ್ ಫ್ರೊಬೆಲ್ ಬಂದನು. 1782ರಲ್ಲಿ ಜರ್ಮನಿಯ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದ ಅವನಿಗೆ ಒಂದು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಾಯಿಯ ಮಡಿಲನ್ನು ಕಾಣದ ಆ ಮಗು ಮುಂದೆ ಜಗತ್ತಿನ ತಾಯಂದಿರಿಗೆಲ್ಲ ಮಡಿಲಿನ ಮಹತ್ವವನ್ನು ತಿಳಿಸಿತು. 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಅವನು ಆರಂಭಿಸಿದ ಶಿಶುಕೇಂದ್ರಕ್ಕೆ 1840ರಲ್ಲಿ ‘ಕಿಂಡರ್‌ಗಾರ್ಟನ್’ ಎಂಬ ಹೆಸರು ಬಂತು. ಮಕ್ಕಳ ತೋಟ ಎಂದು ಅದರ ಅರ್ಥ.

ಅವನು 1844ರಲ್ಲಿ ತಾಯಂದಿರ ಹಾಡು ಮತ್ತು ಆಟಗಳ ಒಂದು ಸಚಿತ್ರ ಪುಸ್ತಕವನ್ನು ಪ್ರಕಟಿಸಿದನು. ಅದರ ರಚನೆ ಗಮನಿಸತಕ್ಕದ್ದು. ಪ್ರತಿಯೊಂದು ಆಟಕ್ಕೂ ಒಂದು ಚಿತ್ರ, ತಾಯಿ ತನಗಾಗಿ ಓದಿಕೊಳ್ಳಬೇಕಾದ ಒಂದು ಸೂತ್ರ, ಮಗುವಿಗಾಗಿ ಹಾಡಬೇಕಾದ ಒಂದು ಹಾಡು, ಕೈಬೆರಳುಗಳಿಂದ ಮಾಡುವ ಒಂದು ಅಭಿನಯ, ಕೊನೆಗೆ ವಿವರಣೆ. ಹಕ್ಕಿಯ ಗೂಡು, ಬಡಗಿ, ಸೇತುವೆ, ಗಾಳಿಗೆ ತಿರುಗುವ ಕೋಳಿ ಮುಂತಾದವು ಅದರ ವಿಷಯಗಳು. ಅಂಗೈ ತಟ್ಟಿ ರೊಟ್ಟಿ ಮಾಡುವ ಆಟವೂ ಅದರಲ್ಲಿದೆ. ರೊಟ್ಟಿ ಸುಡುವವನಿಗೆ ಹಿಟ್ಟು ಕೊಟ್ಟವನು ಗಿರಣಿಯವನು, ಅವನಿಗೆ ಕಾಳು ಕೊಟ್ಟವನು ರೈತ, ರೈತನಿಗೆ ಬೆಳೆ ಕೊಟ್ಟದ್ದು ಮಳೆ ಮತ್ತು ಬಿಸಿಲು, ಅವೆರಡರ ಹಿಂದೆ ದೇವರು; ಹೀಗೆ ಒಂದು ತುತ್ತಿನಿಂದ ಇಡೀ ಲೋಕದ ಸಂಬಂಧವನ್ನು ತಾಯಿ ಮಗುವಿಗೆ ಕಾಣಿಸಬೇಕೆಂಬುದು ಅವನ ಆಶಯ. ಜೋಳದ ರೊಟ್ಟಿಯ ನಾಡಾದ ನಮ್ಮಲ್ಲಿ ಮಗುವಿನ ಎರಡು ಅಂಗೈಗಳನ್ನು ಹಿಡಿದು ರೊಟ್ಟಿ ತಟ್ಟಿಸಿ ನಗಿಸದ ಅಜ್ಜಿ ಯಾರಿದ್ದಾರೆ? ಫ್ರೊಬೆಲ್ ತನ್ನ ನಾಡಿನ ಅಜ್ಜಿಯರಿಂದಲೇ ಕಲಿತು, ಆ ಆಟಕ್ಕೆ ಚಿತ್ರವನ್ನೂ ಕ್ರಮವನ್ನೂ ಕೊಟ್ಟನು. 1851ರಲ್ಲಿ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು; ಮರುವರ್ಷವೇ ಅವನು ತೀರಿಕೊಂಡನು. ಶಾಲೆಗಳು ಮುಚ್ಚಿದರೂ ಆಟದ ಪುಸ್ತಕ ಮನೆಗಳಲ್ಲಿ ಉಳಿಯಿತು, ಕಡಲನ್ನೂ ದಾಟಿತು.

ಮಂಗಳೂರಿನ ಅಚ್ಚುಮೊಳೆ

ಕನ್ನಡಕ್ಕೆ ಈ ಧಾರೆ ಬಂದ ಮುಖ್ಯ ದ್ವಾರ ಮಂಗಳೂರು. 1815ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆನರ್ ಮತ್ತು ಗ್ರೈನರ್, 1834ರಲ್ಲಿ ಅಲ್ಲಿಗೆ ಬಂದರು. ಎರಡು ವರ್ಷಗಳಲ್ಲಿ ಕನ್ನಡ ಶಾಲೆ ಆರಂಭವಾಯಿತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಬಳಿಕ ಗದಗ-ಬೆಟಗೇರಿ ಹೀಗೆ ಮಿಷನ್ನಿನ ಕೇಂದ್ರಗಳು ಬಯಲುಸೀಮೆಗೂ ಹಬ್ಬಿದವು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪನೆಯಾಯಿತು. ಅಲ್ಲಿಂದಲೇ 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಟಿತು. ಅದೇ ಮುದ್ರಣಾಲಯ 1894ರಲ್ಲಿ ಕಿಟ್ಟೆಲ್ ಅವರ ನಿಘಂಟನ್ನು ಅಚ್ಚು ಮಾಡಿತು. ಇವು ಎಲ್ಲರಿಗೂ ತಿಳಿದ ಸಂಗತಿಗಳು. ಆದರೆ ಅದೇ ಯಂತ್ರದಿಂದ ಮಕ್ಕಳ ಪಠ್ಯಗಳೂ ಹೊರಬಂದವೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಜರ್ಮನಿಯ ಕಾಲ್ವ್ ಎಂಬ ಊರಿನ ಕ್ರಿಶ್ಚಿಯನ್ ಗೊಟ್ಲೋಬ್ ಬಾರ್ತ್ ಎಂಬ ಪಾದ್ರಿ 1832ರಲ್ಲಿ ಬೈಬಲಿನ ಕಥೆಗಳನ್ನು ಮಕ್ಕಳಿಗಾಗಿ ಸರಳವಾಗಿ ಬರೆದು ಪ್ರಕಟಿಸಿದನು. ಹಳೆಯ ಒಡಂಬಡಿಕೆಯಿಂದ 52, ಹೊಸದರಿಂದ 52 ಕಥೆಗಳು. ವರ್ಷದ ಒಂದೊಂದು ವಾರಕ್ಕೆ ಒಂದೊಂದು ಬರುವಂತೆ ಆ ಲೆಕ್ಕ. ಜತೆಗೆ ಮರದಚ್ಚಿನ ಚಿತ್ರಗಳು. ಪ್ರಪಂಚದ ಅನೇಕ ಭಾಷೆಗಳಿಗೆ ಹೋದ ಈ ಪುಸ್ತಕ ಮಿಷನ್ನಿನ ಮೂಲಕ ಕನ್ನಡಕ್ಕೂ ಬಂತು. ವಾರಕ್ಕೊಂದು ಕಥೆ, ಕಥೆಗೊಂದು ಚಿತ್ರ ಎಂಬ ಅಳತೆ ದುಡಿಯುವ ಮನೆಗಳಿಗೆ ಹೇಳಿ ಮಾಡಿಸಿದಂತಿತ್ತು.

ಕನ್ನಡ ಮಗುವಿನ ಕಿವಿಗೆ ಕನ್ನಡದ ಲಯವೇ ಬೇಕೆಂಬುದನ್ನೂ ಮಿಷನರಿಗಳಲ್ಲಿ ಬಲ್ಲವರು ಬೇಗನೆ ಅರಿತರು. ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಕಿಟ್ಟೆಲ್ 1862ರಲ್ಲಿ ತಮ್ಮ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ಹಾಡಿದರು. ಪರದೇಶದ ಕಥೆಯನ್ನು ಹೇಳಲು ಬಂದವರು ನಮ್ಮ ಮಟ್ಟುಗಳನ್ನು ಕಲಿತು ಹೇಳಿದರು ಎಂಬುದು ಶಿಕ್ಷಕರಾದ ನಮಗೆ ಮುಖ್ಯವಾದ ಪಾಠ.

ಈ ಮುದ್ರಣಾಲಯದ ಆಶ್ರಯದಲ್ಲಿಯೇ ಮುಂದೆ ಕನ್ನಡದ ಶಿಶುಸಾಹಿತ್ಯ ಮತಬೋಧೆಯ ಎಲ್ಲೆಯನ್ನು ದಾಟಿ ಬೆಳೆಯಿತು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಬಾಸೆಲ್ ಮಿಷನ್ನಿನವರಿಗಾಗಿ ಪದ್ಯಪುಸ್ತಕಗಳನ್ನು ಸಂಪಾದಿಸಿಕೊಟ್ಟರು; 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯನ್ನು ಕೇಳಿದ ಮಗು ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಕಾರಣ ಹುಡುಕುವುದನ್ನು ಕಲಿಯುತ್ತದೆ. 1934ರ ಕನ್ನಡ ಸಾಹಿತ್ಯ ಸಮ್ಮೇಳನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ರಾಯಚೂರಿನಲ್ಲಿ ಸೇರಿದಾಗ ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಈ ಮಕ್ಕಳ ಕವಿಯೇ. ಉರ್ದು ಆಡಳಿತದ ನಾಡಿನಲ್ಲಿ ಕನ್ನಡದ ಹಬ್ಬಕ್ಕೆ ಮಕ್ಕಳ ಮೇಷ್ಟರೊಬ್ಬರು ಹಿರಿಯರಾಗಿ ಬಂದರೆಂಬುದು ನಮ್ಮ ಭಾಗದವರು ಹೆಮ್ಮೆಪಡಬೇಕಾದ ಸಂಗತಿ.

ಕಾಡಿನ ಮಡಿಲಿನಿಂದ ಕಲಬುರಗಿಗೆ

ಕನ್ನಡ ಮತ್ತು ಮರಾಠಿ ಎರಡಕ್ಕೂ ಸೇರಿದ ಒಬ್ಬ ಮಹಾತಾಯಿಯನ್ನು ಇಲ್ಲಿ ನೆನೆಯದಿದ್ದರೆ ಈ ಲೇಖನ ಅಪೂರ್ಣ. ಪಂಡಿತಾ ರಮಾಬಾಯಿ 1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧವನ್ನು ಎದುರಿಸಿದವರು. ಆ ಲಕ್ಷ್ಮೀಬಾಯಿ ಬೆಳಗಿನ ಜಾವ, ಮನೆಗೆಲಸ ಆರಂಭವಾಗುವ ಮೊದಲು, ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಕುಳ್ಳಿರಿಸಿಕೊಂಡು ಪಾಠ ಹೇಳಿದರು. ಪುಸ್ತಕ ನೋಡದೆ, ಬಾಯಿಂದ ಬಾಯಿಗೆ. ರಮಾಬಾಯಿ ಕಂಡ ಮೊದಲ ಪಾಠಶಾಲೆ ತಾಯಿಯ ತೋಳು. ತೀರ್ಥಯಾತ್ರೆಯ ಅಲೆದಾಟದಲ್ಲಿ ಅವರು ಕನ್ನಡವನ್ನೂ ಇತರ ಭಾಷೆಗಳನ್ನೂ ಕಲಿತರು. ಕ್ಷಾಮದ ಹಸಿವಿನಲ್ಲಿ ತಂದೆತಾಯಿಯರನ್ನು ಕಳೆದುಕೊಂಡರು.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. 1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯಪದವಿ ಸಮಾರಂಭಕ್ಕೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದವರು ಅಲ್ಲಿ ಫ್ರೊಬೆಲ್ಲನ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಕಂಡು, ತಾವೇ ಆ ತರಬೇತಿಗೆ ಸೇರಿದರು. ವೇದಶಾಸ್ತ್ರಗಳಲ್ಲಿ ಪಂಡಿತೆಯೆಂದು ಕಲ್ಕತ್ತೆಯಲ್ಲಿ ಬಿರುದು ಪಡೆದಿದ್ದವರು ಉಣ್ಣೆಯ ಚೆಂಡು, ಮರದ ತುಂಡು, ಕಾಗದದ ಮಡಿಕೆಗಳ ಮುಂದೆ ವಿದ್ಯಾರ್ಥಿನಿಯಾಗಿ ಕುಳಿತರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಅಲ್ಲಿ ಈ ಪದ್ಧತಿಯನ್ನು ಬಳಕೆಗೆ ತಂದರು. ಸದನ ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಬಳಿಕ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. 1912ರಲ್ಲಿ ಅವರ ಕಾರ್ಯ ನಮ್ಮ ನೆರೆಯ ಕಲಬುರಗಿಗೂ ಬಂತು. ಅಲ್ಲಿ ಅವರು ಸ್ಥಾಪಿಸಿದ ಶಾಲೆಯ ಹೊಣೆಯನ್ನು ಮಗಳು ಮನೋರಮಾಬಾಯಿ ಹೊತ್ತರು. ಮಗಳು 1921ರಲ್ಲಿ, ತಾಯಿ 1922ರ ಏಪ್ರಿಲ್ 5ರಂದು ತೀರಿಕೊಂಡರು. ಕಾಡಿನಲ್ಲಿ ಒಬ್ಬ ತಾಯಿ ಮಗಳಿಗೆ ಕೊಟ್ಟದ್ದು ಒಂದು ಶಾಲೆಯಾಗಿ ನಿಜಾಮರ ನಾಡಿಗೆ ಬಂದ ಕಥೆ ಇದು.

ಒಂದು ಚಿತ್ರ, ಹಲವು ಆಟ

ಬೀದರಿನಲ್ಲಿ ಮೆಥೋಡಿಸ್ಟ್ ಮಿಷನ್ ಶಾಲೆಯನ್ನೂ ಆಸ್ಪತ್ರೆಯನ್ನೂ ನಡೆಸಿದ್ದು ಈ ಭಾಗದವರಿಗೆಲ್ಲ ತಿಳಿದದ್ದು. ನನ್ನ ಬಾಲ್ಯದ ಕೆಲವು ವರ್ಷಗಳು ಬೀದರಿನಲ್ಲಿ ಕಳೆದವು. ನಮ್ಮ ನೆರೆಮನೆಯವರು ಕನ್ನಡ ಮಾತಾಡುವ ಕ್ರೈಸ್ತರು. ಆ ಮನೆಯ ಅಜ್ಜಿಗೆ ಓದಲು ಹೆಚ್ಚು ಬರುತ್ತಿರಲಿಲ್ಲ. ಆದರೆ ಅವರ ಬಳಿ ಬೈಬಲ್ ಕಥೆಗಳ ಒಂದು ಚಿತ್ರಪುಸ್ತಕವಿತ್ತು. ಮಧ್ಯಾಹ್ನ ಕಟ್ಟೆಯ ಮೇಲೆ ಮೊಮ್ಮಕ್ಕಳ ಜತೆ ನಮ್ಮನ್ನೂ ಕೂರಿಸಿಕೊಂಡು ಪುಟ ತಿರುವುತ್ತಿದ್ದರು. ಆಗ ಅದು ನಮಗೆ ಬರೀ ಆಟ. ಬಿ.ಎಡ್. ಓದುವಾಗ ಫ್ರೊಬೆಲ್ಲನ ಪಾಠ ಬಂದ ದಿನ, ಆ ಕಟ್ಟೆಯ ಅಜ್ಜಿ ಏನು ಮಾಡುತ್ತಿದ್ದರೆಂಬುದು ನನಗೆ ಹೊಳೆಯಿತು. ಅವರ ಕ್ರಮವನ್ನು ಇಂದಿನ ತಾಯಂದಿರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತೇನೆ.

ಮೊದಲನೆಯದು ನೋಹನ ಹಡಗಿನ ಚಿತ್ರ. ಪ್ರಳಯದ ಮಳೆಗೆ ಮೊದಲು ಪ್ರಾಣಿಗಳು ಜೋಡಿಜೋಡಿಯಾಗಿ ಹಡಗನ್ನು ಏರುತ್ತಿವೆ. ಅಜ್ಜಿ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿ, ಒಂದು ಮೊರದಲ್ಲಿ ಹುಣಸೆ ಬೀಜ, ಅವರೆಕಾಳು, ಕಡಲೆ ಬೆರೆಸಿ ಕೊಡುತ್ತಿದ್ದರು. ಒಂದೊಂದು ಬಗೆಯ ಕಾಳು ಒಂದೊಂದು ಪ್ರಾಣಿ. ನಾವು ಜೋಡಿ ಮಾಡಿ ಸಾಲಾಗಿ ನಿಲ್ಲಿಸಬೇಕು. ಒಂಟಿಯಾಗಿ ಉಳಿದ ಕಾಳಿಗೆ ಜೊತೆ ಹುಡುಕಬೇಕು. ಬಗೆ ವಿಂಗಡಿಸುವುದು, ಜೋಡಿಸುವುದು, ಎರಡೆರಡಾಗಿ ಎಣಿಸುವುದು ಇಷ್ಟೂ ಗಣಿತ ಅಲ್ಲಿಯೇ ಆಯಿತು. ಆಮೇಲೆ ಪ್ರತಿ ಪ್ರಾಣಿಯ ಹೆಸರು ಹೇಳಿ ಕೂಗಬೇಕು. ಹಸು ಅಂಬಾ ಎನ್ನುತ್ತದೆ, ಕುದುರೆ ಕೆನೆಯುತ್ತದೆ, ಆನೆ ಘೀಳಿಡುತ್ತದೆ, ಕತ್ತೆ ಅರಚುತ್ತದೆ. ಒಂದೊಂದು ಪ್ರಾಣಿಯ ಕೂಗಿಗೂ ಕನ್ನಡದಲ್ಲಿ ಒಂದೊಂದು ಕ್ರಿಯಾಪದವಿದೆಯೆಂದು ನಾನು ಕಲಿತದ್ದು ಆ ಕಟ್ಟೆಯ ಮೇಲೆ, ವ್ಯಾಕರಣದ ಪುಸ್ತಕದಲ್ಲಲ್ಲ.

ಎರಡನೆಯದು ಕಳೆದುಹೋದ ಕುರಿಯ ಚಿತ್ರ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಿತು. ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತಂದನು. ಕಂಬಳಿ ಹೊದ್ದು ಹಿಂಡು ಅಟ್ಟಿಕೊಂಡು ಹೋಗುವ ಕುರುಬರನ್ನು ದಿನವೂ ಕಾಣುವ ನಮ್ಮ ಮಕ್ಕಳಿಗೆ ಈ ಕಥೆ ಪರದೇಶದ್ದೆನಿಸುವುದಿಲ್ಲ. ಅಜ್ಜಿ ಒಂದು ಬಟ್ಟೆಯ ಗೊಂಬೆಯನ್ನು ಮನೆಯಲ್ಲಿ ಬಚ್ಚಿಡುತ್ತಿದ್ದರು. ಹುಡುಕುವ ಮಗು ಬಾಯಿಬಿಟ್ಟು ಕೇಳಬೇಕು: ಮಂಚದ ಕೆಳಗಿದೆಯೇ, ಬಾಗಿಲ ಹಿಂದಿದೆಯೇ, ಗಡಿಗೆಯ ಒಳಗಿದೆಯೇ? ಮೇಲೆ, ಕೆಳಗೆ, ಒಳಗೆ, ಹಿಂದೆ ಎಂಬ ಪದಗಳು ಕಾಲಿಗೂ ಕಣ್ಣಿಗೂ ಅಂಟಿಕೊಂಡು ಬರುತ್ತಿದ್ದವು.

ಮೂರನೆಯದು ಬಿತ್ತುವವನ ಚಿತ್ರ. ಬೀಜಗಳಲ್ಲಿ ಕೆಲವು ದಾರಿಯಲ್ಲಿ, ಕೆಲವು ಕಲ್ಲುನೆಲದಲ್ಲಿ, ಕೆಲವು ಮುಳ್ಳಿನಲ್ಲಿ, ಕೆಲವು ಒಳ್ಳೆಯ ನೆಲದಲ್ಲಿ ಬಿದ್ದವು. ಒಡೆದ ಮಡಕೆಯ ನಾಲ್ಕು ಹೋಳುಗಳಲ್ಲಿ ಒಂದಕ್ಕೆ ಗಟ್ಟಿ ಮಣ್ಣು, ಒಂದಕ್ಕೆ ಹರಳು, ಒಂದಕ್ಕೆ ಕಸಕಡ್ಡಿ, ಒಂದಕ್ಕೆ ಎರೆಮಣ್ಣು ತುಂಬಿ ಜೋಳ ಹಾಕಿಸುತ್ತಿದ್ದರು. ಯಾವುದು ಯಾವ ದಿನ ಮೊಳೆಯುತ್ತದೆಂದು ನಾವು ಕಾದು ನೋಡಬೇಕು. ಕಾಯುವುದನ್ನು ಕಲಿಸುವ ಪಾಠ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈ ಮೂರರಲ್ಲಿಯೂ ಕ್ರಮ ಒಂದೇ. ಮೊದಲು ಚಿತ್ರವನ್ನು ಮಗು ತಾನೇ ನೋಡಲಿ. ನಾವು ಅವಸರಪಟ್ಟು ಹೇಳಬಾರದು. ಎರಡನೆಯದಾಗಿ ಕಥೆ, ಮನೆಮಾತಿನಲ್ಲಿ, ಚಿಕ್ಕದಾಗಿ. ಮೂರನೆಯದಾಗಿ ಕೈಗೆ ಒಂದು ಕೆಲಸ. ಕೊನೆಗೆ ಮಗು ಕಥೆಯನ್ನು ನಮಗೆ ತಿರುಗಿ ಹೇಳಲಿ. ತಪ್ಪು ಹೇಳಿದರೆ ತಿದ್ದುವ ಅವಸರವೂ ಬೇಡ. ಪುಸ್ತಕದಲ್ಲಿ ಬಸವಣ್ಣನವರ ಕಥೆಯಿರಲಿ, ಕೃಷ್ಣನದಿರಲಿ, ಸೂಫಿ ಸಂತರದಿರಲಿ, ಯೇಸುವಿನದಿರಲಿ, ಆಯಾ ಮನೆಯ ಶ್ರದ್ಧೆಗೆ ತಕ್ಕ ಕಥೆ ಆಯಾ ಮನೆಯಲ್ಲಿ ನಡೆಯಲಿ. ನಮ್ಮ ಶಾಲೆಗೆ ಈ ಎಲ್ಲ ಮನೆಗಳಿಂದಲೂ ಮಕ್ಕಳು ಬರುತ್ತಾರೆ. ಕಥೆ ಕೇಳಿ ಬೆಳೆದ ಮಗುವನ್ನು ನಾವು ಮೊದಲ ವಾರದಲ್ಲಿಯೇ ಗುರುತಿಸಬಲ್ಲೆವು.

ನೆಲ ನಡುಗಿದ ವರ್ಷ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳ ಮೊದಲು, ಈ ನೆಲ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಬಿಸಿಲಿನಿಂದ ಕಾಪಾಡಿದ ಮನೆಗಳೇ ಮಲಗಿದವರ ಮೇಲೆ ಕುಸಿದವು. ಕಿಲ್ಲಾರಿ, ಸಾಸ್ತೂರು ಮತ್ತು ಸುತ್ತಲಿನ ಊರುಗಳಲ್ಲಿ ಸತ್ತವರು ಸುಮಾರು 10,000. ತೇರಣಾ ನದಿಯ ಇಕ್ಕೆಲದ ಹಳ್ಳಿಗಳ ಆ ನೋವು ಮಾಕಣಿಯವರಿಗೆ ಓದಿ ತಿಳಿಯಬೇಕಾದದ್ದಲ್ಲ.

ನಾನಾಗ ಕೆಲಸಕ್ಕೆ ಸೇರಿದ ಹೊಸತು. ಕೆಲವು ಶಿಕ್ಷಕಿಯರ ಜತೆ ತಗಡಿನ ಶೆಡ್ಡುಗಳಿಗೆ ಹೋಗಿ ಮಕ್ಕಳೊಡನೆ ಕುಳಿತುಕೊಳ್ಳುವುದಷ್ಟೇ ನಮಗೆ ಮಾಡಲು ಸಾಧ್ಯವಿದ್ದ ಕೆಲಸ. ನಾಲ್ಕೈದು ವರ್ಷದ ಒಂದು ಹುಡುಗಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮರಾಠಿಯಲ್ಲಿ ಕೇಳಿದರೂ ಇಲ್ಲ, ಹಿಂದಿಯಲ್ಲಿ ಕೇಳಿದರೂ ಇಲ್ಲ. ನಾನು ಒಯ್ದಿದ್ದ ಚಿತ್ರಪುಸ್ತಕವನ್ನು ಅವಳ ಮುಂದೆ ಇಟ್ಟು ಪುಟ ತಿರುವುತ್ತ ಹೋದೆ. ಮೂರನೆಯ ದಿನ, ಕೋಳಿ ಮತ್ತು ಮರಿಗಳ ಪುಟದ ಮೇಲೆ ಬೆರಳಿಟ್ಟು ಅವಳು ‘ಕೋಳಿ’ ಎಂದಳು. ಸ್ವಲ್ಪ ಹೊತ್ತಾದ ಮೇಲೆ ‘ನಮ್ಮ ಕೋಳಿ’ ಎಂದಳು. ಅವಳ ತಾಯಿ ಕಲಿಸಿದ ಮಾತು ಅದು. ತಾಯಿ ಉಳಿದಿರಲಿಲ್ಲ, ಮಾತು ಉಳಿದಿತ್ತು. ಮನೆಮಾತು ಎಂದರೇನೆಂದು ನನಗೆ ಎಂ.ಎ. ಪದವಿ ತಿಳಿಸಿದ್ದಕ್ಕಿಂತ ಹೆಚ್ಚಾಗಿ ಆ ಎರಡು ಪದಗಳು ತಿಳಿಸಿದವು. ಲೆಶ್ನೋದ ವಲಸಿಗರಿಗಾಗಿ ಕೊಮೀನಿಯಸ್ ಯಾಕೆ ತಾಯಂದಿರ ಪುಸ್ತಕವನ್ನು ಬರೆದನೆಂಬುದೂ ಆಗ ಅರ್ಥವಾಯಿತು.

ಮುಂದಿನ ನೂರು ವರ್ಷಕ್ಕೆ

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದ ಮೇಲೆ ಅಂಗನವಾಡಿಗಳು ಹಳ್ಳಿಹಳ್ಳಿಗೆ ಬಂದವು. ಅದಕ್ಕೂ ಮೊದಲು ಇದೇ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬೋರ್ಡಿಯಲ್ಲಿಯೂ ಕೋಸಬಾಡದಲ್ಲಿಯೂ ಬಾಲವಾಡಿಯನ್ನು ಬಡವರ ಅಂಗಳಕ್ಕೆ ಒಯ್ದಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಅಡಿಪಾಯದ ಹಂತವೆಂದು ಕರೆದು, ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಕಲಿಸಲು ಹೇಳಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ನಮ್ಮ ಭಾಗದ ಅಂಗನವಾಡಿಯ ಭಾಷೆ ಸಹಜವಾಗಿಯೇ ಮರಾಠಿ. ಮರಾಠಿ ನಮ್ಮ ಮಕ್ಕಳ ಬದುಕಿನ ಭಾಷೆ. ಅದನ್ನು ಅವರು ಚೆನ್ನಾಗಿ ಕಲಿಯಬೇಕು. ಕನ್ನಡದ ಶಿಶುಶಾಲೆ ಎಂಬುದು ಇಲ್ಲಿ ಒಂದೇ ಒಂದು, ಅದು ನಿಮ್ಮ ಮನೆ. ಅಲ್ಲಿ ಮೂರು ವರ್ಷ ಕನ್ನಡ ಕೇಳದ ಮಗು ಆರನೆಯ ವರ್ಷ ನಮ್ಮ ಬಾಗಿಲಿಗೆ ಬಂದರೆ, ಕನ್ನಡ ಅದಕ್ಕೆ ಪಠ್ಯದ ಭಾಷೆಯಾಗುತ್ತದೆ, ಮನಸ್ಸಿನ ಭಾಷೆಯಾಗುವುದು ಕಷ್ಟ. ಅಂಥ ಮಕ್ಕಳೂ ಬರುವುದು ನಿಂತರೆ ಈ ಶಾಲೆಯ ಹಾಜರಿ ಪುಸ್ತಕ ಎಷ್ಟು ದಿನ ಉಳಿದೀತೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಚಿಕ್ಕದು. ದಿನಕ್ಕೆ ಕಾಲು ಗಂಟೆ, ಒಂದು ಚಿತ್ರಪುಸ್ತಕ, ನಿಮ್ಮ ಮಡಿಲು. ಪುಸ್ತಕವಿಲ್ಲದಿದ್ದರೆ ಹಳೆಯ ಕ್ಯಾಲೆಂಡರಿನ ಚಿತ್ರವೂ ಸಾಕು. ನಿಮಗೆ ಓದು ಬಾರದಿದ್ದರೂ ಸಂಕೋಚ ಬೇಡ. ಆ ಕಟ್ಟೆಯ ಅಜ್ಜಿಗೂ ಹೆಚ್ಚು ಬರುತ್ತಿರಲಿಲ್ಲ. ಶತಮಾನೋತ್ಸವದ ಅಂಗವಾಗಿ ಶಾಲೆಯ ಗ್ರಂಥಾಲಯದ ಒಂದು ಕಪಾಟನ್ನು ಚಿತ್ರಪುಸ್ತಕಗಳಿಗಾಗಿ ಮೀಸಲಿಟ್ಟಿದ್ದೇವೆ. ಅವನ್ನು ಮನೆಗೆ ಒಯ್ಯಲು ಮಗು ನಮ್ಮ ವಿದ್ಯಾರ್ಥಿಯಾಗಿರಬೇಕೆಂಬ ನಿಯಮವಿಲ್ಲ. ಎರಡು ವರ್ಷದ ಕೂಸನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದ ತಾಯಿಗೂ ಕೊಡುತ್ತೇವೆ. ಪುಟ ಹರಿದು ಬಂದರೆ ದಂಡವಿಲ್ಲ. ಹರಿದ ಪುಸ್ತಕವೆಂದರೆ ಯಾರೋ ಮಗು ಅದನ್ನು ಓದಿದೆಯೆಂದೇ ಅರ್ಥ.

ಬರುವ ಜೂನ್ ತಿಂಗಳಿನಲ್ಲಿಯೂ ನನ್ನ ಮೇಜಿನ ಮೇಲೆ ಅದೇ ಪುಸ್ತಕವಿರುತ್ತದೆ. ಕುರಿಯ ಪುಟವನ್ನು ತೆರೆದು ನಾನು ಸುಮ್ಮನೆ ಕಾಯುತ್ತಿರುತ್ತೇನೆ.